ಸ್ವಿಮ್ ಲೇನ್ ನಕ್ಷೆಗೆ ಡ್ರಾ.ಐಒ ಸಾಕೇ? ಖರೀದಿ ಪ್ರಕ್ರಿಯೆಯೊಂದನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಇಂಡೆಂಟ್ (ಸರಕಿನ ಬೇಡಿಕೆ ಪತ್ರ) ಹಾಕಿದ ದಿನದಿಂದ ಸಪ್ಲೈಯರ್ ಖಾತೆಗೆ ಹಣ ಬೀಳುವವರೆಗಿನ ಕೆಲಸ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂದು ಒಂದೇ ಹಾಳೆಯಲ್ಲಿ ತೋರಿಸಬೇಕಾದರೆ ಸ್ವಿಮ್ ಲೇನ್ ನಕ್ಷೆಯೇ ಸರಿ. ವಿಭಾಗಕ್ಕೊಂದು ಲೇನ್, ಲೇನಿನೊಳಗೆ ಆ ವಿಭಾಗ ಮಾಡುವ ಕೆಲಸದ ಪೆಟ್ಟಿಗೆಗಳು, ಬಾಣ ಗೆರೆ ದಾಟಿದಲ್ಲೆಲ್ಲ ಜವಾಬ್ದಾರಿ ಕೈಬದಲಾಯಿತು ಎಂದರ್ಥ. ತಡ, ತಪ್ಪು, ‘ಅದು ನಮ್ಮ ಕೆಲಸವಲ್ಲ’ ಎಂಬ ಮಾತು ಬಹುಪಾಲು ಹುಟ್ಟುವುದು ಆ ಗೆರೆಗಳ ಮೇಲೆಯೇ. ಈ ನಕ್ಷೆ ಬಿಡಿಸಲು ಬಹಳ ಜನ ಬಳಸುವ ಉಚಿತ ಸಾಧನ ಡ್ರಾ.ಐಒ. ಒಂದು ಸಣ್ಣ ಕಾರ್ಖಾನೆಯ ಖರೀದಿ ಪ್ರಕ್ರಿಯೆಯನ್ನು ಕನ್ನಡದಲ್ಲೇ ಬಿಡಿಸಲು ಅದು ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದು ಇಲ್ಲಿನ ವಿಷಯ.

ಮೊದಲು ಅದರ ಒಳ್ಳೆಯ ಗುಣಗಳು. ಬ್ರೌಸರಿನಲ್ಲಿ ತೆರೆದರೆ ಸಾಕು, ಖಾತೆ ತೆರೆಯಬೇಕಿಲ್ಲ. ಫೈಲನ್ನು ಗೂಗಲ್ ಡ್ರೈವ್, ಒನ್‌ಡ್ರೈವ್ ಅಥವಾ ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದು. ಪೆಟ್ಟಿಗೆಗಳು ಇಷ್ಟೇ ಇರಬೇಕು, ಫೈಲುಗಳು ಇಷ್ಟೇ ಇರಬೇಕು ಎಂಬ ಕಟ್ಟುಪಾಡಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಡೆಸ್ಕ್‌ಟಾಪ್ ಆವೃತ್ತಿ ಇದೆ. ಇಂಟರ್ನೆಟ್ ಇಲ್ಲದೆಯೂ ನಡೆಯುವುದರಿಂದ ಕಂಪನಿಯ ಒಳಗಿನ ವಿಷಯ ಹೊರಹೋಗಬಾರದು ಎನ್ನುವವರು ಅದನ್ನೇ ಹಾಕಿಕೊಳ್ಳಲಿ.

ಎಡಗಡೆಯ ಹುಡುಕುಪೆಟ್ಟಿಗೆಯಲ್ಲಿ ‘ಪೂಲ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅಡ್ಡ ಮತ್ತು ಉದ್ದ ಎರಡೂ ಬಗೆಯ ಪೂಲ್‌ಗಳು, ಅಂದರೆ ಒಂದು ಸಂಸ್ಥೆಯ ಲೇನ್‌ಗಳನ್ನೆಲ್ಲ ಒಳಗೊಳ್ಳುವ ಚೌಕಟ್ಟುಗಳು, ಸಿಗುತ್ತವೆ. ಕನ್ನಡದಲ್ಲಿ ಬರೆಯುವುದಾದರೆ ಉದ್ದ ಲೇನ್‌ಗಳೇ ಮೇಲು. ಅಡ್ಡ ಲೇನಿನ ಶೀರ್ಷಿಕೆ 90 ಡಿಗ್ರಿ ತಿರುಗಿ ನಿಲ್ಲುತ್ತದೆ. ಒತ್ತಕ್ಷರಗಳಿರುವ ಪದವನ್ನು ಕತ್ತು ಓರೆ ಮಾಡಿ ಓದುವುದು ಕಷ್ಟ. ಡ್ರಾ.ಐಒದಲ್ಲಿ ಎ4 ಹಾಳೆಯ ಅಳತೆ 827 × 1169. ಐದು ಲೇನ್‌ಗಳಿಗೆ ತಲಾ 160 ಕೊಟ್ಟರೆ 800 ಆಗುತ್ತದೆ, ಹಾಳೆಯ ಅಗಲಕ್ಕೆ ಸರಿಹೊಂದುತ್ತದೆ. ಒಳಗಿನ ಪೆಟ್ಟಿಗೆ 130 × 60 ಇರಲಿ. ಆರನೇ ಲೇನ್ ಬೇಕೆನಿಸಿದರೆ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ, ಅಕ್ಷರ ಕಿರಿದು ಮಾಡಬೇಡಿ. ಕನ್ನಡಕ್ಕೆ 12 ಪಾಯಿಂಟಿಗಿಂತ ಕೆಳಗಿಳಿದರೆ ಪ್ರಿಂಟಿನಲ್ಲಿ ಒತ್ತುಗಳು ಕಲಸಿಹೋಗುತ್ತವೆ. ಹೊಸ ಲೇನ್ ಬೇಕಾದಾಗ ಇರುವ ಒಂದನ್ನು ಆರಿಸಿ ಕಂಟ್ರೋಲ್ + ಡಿ ಒತ್ತಿ.

ನಮ್ಮ ಉದಾಹರಣೆಯ ಐದು ಲೇನ್‌ಗಳು ಇವು: ಬೇಡಿಕೆ ಇಟ್ಟ ವಿಭಾಗ, ಪರ್ಚೇಸ್, ಸ್ಟೋರ್ಸ್, ಕ್ವಾಲಿಟಿ, ಅಕೌಂಟ್ಸ್. ಸಪ್ಲೈಯರ್ ನಮ್ಮ ಸಂಸ್ಥೆಯವನಲ್ಲ, ಆದ್ದರಿಂದ ಆತನಿಗೆ ಲೇನ್ ಬೇಡ. ಮೇಲುಗಡೆ ಪ್ರತ್ಯೇಕವಾದ ಖಾಲಿ ಪೂಲ್ ಸಾಕು. ಆತ ಒಳಗೆ ಏನು ಮಾಡುತ್ತಾನೋ ನಮಗೆ ಬೇಕಿಲ್ಲ. ನಮ್ಮಿಂದ ಪಿಒ (ಖರೀದಿ ಆದೇಶ) ಹೋಗುತ್ತದೆ, ಅಲ್ಲಿಂದ ಸರಕು ಮತ್ತು ಇನ್‌ವಾಯ್ಸ್ ಬರುತ್ತವೆ. ಈ ಎರಡು ಪೂಲ್‌ಗಳ ನಡುವಿನ ಗೆರೆ ಚುಕ್ಕಿಗೆರೆಯಾಗಿರಬೇಕು, ಒಳಗಿನ ಬಾಣಗಳು ಗಟ್ಟಿ ಗೆರೆ. ಪ್ರಕ್ರಿಯೆಯ ನಕ್ಷೆ ಬಿಡಿಸುವ ಬಗೆಯನ್ನು ಗೊತ್ತುಪಡಿಸುವ, 2011ರಲ್ಲಿ ಬಂದ ಬಿಪಿಎಂಎನ್ 2.0 ಮಾನಕದ ನಿಯಮ ಇದು: ಕೆಲಸದ ಹರಿವು (ಗಟ್ಟಿ ಗೆರೆ) ಪೂಲ್ ದಾಟುವಂತಿಲ್ಲ, ಸಂದೇಶದ ಹರಿವು (ಚುಕ್ಕಿಗೆರೆ) ಒಂದೇ ಪೂಲಿನೊಳಗೆ ಇರುವಂತಿಲ್ಲ.

ಇಲ್ಲೇ ಡ್ರಾ.ಐಒದ ದೊಡ್ಡ ಕೊರತೆ ಎದುರಾಗುತ್ತದೆ. ಅದು ಚಿತ್ರ ಬಿಡಿಸುತ್ತದೆ, ನಿಯಮ ನೋಡುವುದಿಲ್ಲ. ಗಟ್ಟಿ ಬಾಣವನ್ನು ಸಪ್ಲೈಯರ್ ಪೂಲಿಗೆ ಎಳೆದರೂ ಸುಮ್ಮನಿರುತ್ತದೆ. ತೀರ್ಮಾನದ ಕವಲು ತೋರಿಸುವ ವಜ್ರಾಕೃತಿಯಿಂದ ಹೊರಟ ಎರಡು ಬಾಣಗಳ ಮೇಲೆ ‘ಪಾಸ್’, ‘ರಿಜೆಕ್ಟ್’ ಎಂದು ಬರೆಯದಿದ್ದರೂ ಕೇಳುವುದಿಲ್ಲ. ರಿಜೆಕ್ಟ್ ಬಾಣ ಎಲ್ಲಿಗೂ ಸೇರದೆ ತೇಲುತ್ತಿದ್ದರೂ ಎಚ್ಚರಿಸುವುದಿಲ್ಲ. ಈ ಶಿಸ್ತನ್ನೆಲ್ಲ ಬಿಡಿಸುವವರೇ ಇಟ್ಟುಕೊಳ್ಳಬೇಕು.

ಎರಡನೆಯ ತೊಂದರೆ ಲೇನ್ ಮತ್ತು ಪೆಟ್ಟಿಗೆಯ ನಂಟಿನದು. ಪೆಟ್ಟಿಗೆ ಲೇನಿನ ಮೇಲೆ ಕೂತಂತೆ ಕಂಡರೆ ಸಾಲದು, ಅದರ ಒಳಗೆ ಸೇರಿರಬೇಕು. ಎಳೆದು ತಂದಾಗ ಲೇನಿನ ಅಂಚು ಬಣ್ಣ ಬದಲಿಸಿದ ಮೇಲೆ ಬಿಟ್ಟರೆ ಸೇರುತ್ತದೆ. ಸೇರದ ಪೆಟ್ಟಿಗೆಗಳು ಮುಂದೆ ಪೂಲ್ ಸರಿಸಿದಾಗ ಇದ್ದಲ್ಲೇ ಉಳಿದು ನಕ್ಷೆ ಚೆಲ್ಲಾಪಿಲ್ಲಿಯಾಗುತ್ತದೆ. ಹತ್ತು ಪೆಟ್ಟಿಗೆ ಹಾಕಿದ ಕೂಡಲೇ ಪೂಲಿನ ತಲೆಪಟ್ಟಿ ಹಿಡಿದು ಸ್ವಲ್ಪ ಜರುಗಿಸಿ ನೋಡಿ; ಹಿಂದೆ ಉಳಿದವು ಯಾವುವೆಂದು ಗುರುತಿಸಿ, ಕಂಟ್ರೋಲ್ + ಝಡ್ ಒತ್ತಿ ಸರಿಪಡಿಸಿ. ಲೇನಿನ ಮೂಲೆಯಲ್ಲಿರುವ ಸಣ್ಣ ಮೈನಸ್ ಗುರುತಿಗೆ ಕೈ ತಾಗಿದರೆ ಇಡೀ ಲೇನ್ ಮಡಚಿಕೊಳ್ಳುವುದೂ ಉಂಟು. ಬಲಗಡೆಯ ಸ್ಟೈಲ್ ಹಾಳೆಯ ಗುಣಲಕ್ಷಣಗಳಲ್ಲಿ ‘ಕೊಲ್ಯಾಪ್ಸಿಬಲ್’ ತೆಗೆದುಬಿಟ್ಟರೆ ಆ ಕಾಟ ತಪ್ಪುತ್ತದೆ.

ಬಾಣಗಳಲ್ಲೂ ಒಂದು ಸೂಕ್ಷ್ಮವಿದೆ. ಬಾಣದ ತುದಿಯನ್ನು ಪೆಟ್ಟಿಗೆಯ ಅಂಚಿನ ಬಿಂದುವಿಗೇ ಅಂಟಿಸಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ, ಪೆಟ್ಟಿಗೆ ಬೇರೆ ಕಡೆ ಹೋದಾಗ ಗೆರೆ ಸುತ್ತಿ ಬಳಸಿ ಬರುತ್ತದೆ. ಇಡೀ ಪೆಟ್ಟಿಗೆಯ ಮೇಲೆ ಬಿಟ್ಟರೆ ತುದಿ ಹತ್ತಿರದ ಬದಿಗೆ ತಾನೇ ಹೊರಳಿಕೊಳ್ಳುತ್ತದೆ. ಕರಡಿನ ಹಂತದಲ್ಲಿ ಎರಡನೆಯದು, ಜಾಗ ಖಚಿತವಾದ ಮೇಲೆ ಮೊದಲನೆಯದು. ಬಾಣಗಳು ಒಂದನ್ನೊಂದು ದಾಟುವಲ್ಲಿ ‘ಲೈನ್ ಜಂಪ್’ ಹಾಕಿದರೆ ಸಣ್ಣ ಕಮಾನು ಮೂಡಿ ಓದುವವರಿಗೆ ಗೊಂದಲವಾಗದು.

ಸಾಧನ ಹಾಗಿರಲಿ, ನಕ್ಷೆಯ ಬೆಲೆ ಗೊತ್ತಾಗುವುದು ಸ್ಟೋರ್ಸ್ ಮತ್ತು ಅಕೌಂಟ್ಸ್ ನಡುವೆ. ಸರಕಿನ ಲಾರಿ ಗೇಟಿಗೆ ಬಂತು, ಗೇಟ್ ಎಂಟ್ರಿ ಆಯಿತು, ಸ್ಟೋರ್ಸ್ ಎಣಿಸಿ ಜಿಆರ್‌ಎನ್ (ಸರಕು ಸ್ವೀಕರಿಸಿದ ಚೀಟಿ) ಮಾಡಿತು, ಕ್ವಾಲಿಟಿ ಪರೀಕ್ಷಿಸಿತು, ಅಕೌಂಟ್ಸ್ ಪಿಒ, ಜಿಆರ್‌ಎನ್, ಇನ್‌ವಾಯ್ಸ್ ಮೂರನ್ನೂ ತಾಳೆ ನೋಡಿ ಹಣ ಕೊಟ್ಟಿತು. ಬಾಯಲ್ಲಿ ಹೇಳುವಾಗ ಎಲ್ಲವೂ ಸರಿಯಾಗಿದೆ. ಲೇನ್‌ಗಳಲ್ಲಿ ಇಡಲು ಹೊರಟಾಗ ಪ್ರಶ್ನೆ ಏಳುತ್ತದೆ: ಲಾರಿಯ ಜೊತೆ ಬಂದ ಇನ್‌ವಾಯ್ಸನ್ನು ಅಕೌಂಟ್ಸಿಗೆ ಒಯ್ಯುವವರು ಯಾರು, ಯಾವಾಗ? ಕ್ವಾಲಿಟಿ ಪಾಸ್ ಮಾಡುವ ಮೊದಲೇ ಸ್ಟೋರ್ಸ್ ಜಿಆರ್‌ಎನ್ ಹಾಕುತ್ತದೆಯೇ? ಹಾಕುವುದಾದರೆ ರಿಜೆಕ್ಟ್ ಆದ ಸರಕಿನ ಲೆಕ್ಕ ತೆಗೆಯುವ ಪೆಟ್ಟಿಗೆ ಯಾವ ಲೇನಿನಲ್ಲಿದೆ? ಉತ್ತರವಿಲ್ಲದ ಬಾಣವೇ ನಿಜವಾದ ತೊಂದರೆಯ ಜಾಗ.

ಇದು ಬರೀ ಶಿಸ್ತಿನ ಮಾತಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆ ಸರಕು ಕೊಡುವವರಲ್ಲಿ ಬಹಳ ಮಂದಿ ಇಂಥ ಘಟಕಗಳವರೇ. ದಿನದ ಎಣಿಕೆ ಶುರುವಾಗುವುದು ಬಿಲ್ಲು ಅಕೌಂಟ್ಸಿನ ಮೇಜಿಗೆ ಬಂದಾಗಲ್ಲ, ಸರಕು ತಲುಪಿದಾಗ; 15 ದಿನದೊಳಗೆ ಲಿಖಿತ ಆಕ್ಷೇಪ ಹೋಗಿದ್ದರೆ, ಅದು ಬಗೆಹರಿದ ದಿನದಿಂದ. ಹಾಗಾಗಿ ಈ ಎಣಿಕೆ ಶುರುವಾಯಿತೆಂದು ತೋರಿಸುವ ಗಡಿಯಾರದ ಗುರುತನ್ನು ಅಕೌಂಟ್ಸ್ ಲೇನಿನಲ್ಲಿ ಇಡುವುದು ತಪ್ಪು, ಅದು ಸ್ಟೋರ್ಸ್ ಲೇನಿನಲ್ಲಿ, ಗೇಟ್ ಎಂಟ್ರಿಯ ಪಕ್ಕದಲ್ಲಿ ಇರಬೇಕು. ಕ್ವಾಲಿಟಿ ರಿಜೆಕ್ಟ್ ಮಾಡಿದಲ್ಲಿ ‘ಲಿಖಿತ ಆಕ್ಷೇಪ ಕಳಿಸುವುದು’ ಎಂಬ ಪೆಟ್ಟಿಗೆ ಪರ್ಚೇಸ್ ಲೇನಿನಲ್ಲಿ ಬರಲೇಬೇಕು. ಬಹುತೇಕ ನಕ್ಷೆಗಳಲ್ಲಿ ಈ ಪೆಟ್ಟಿಗೆಯೇ ಇರುವುದಿಲ್ಲ.

ಇನ್ನು ಎಲ್ಲೆಡೆ ಕಾಣುವ ತಪ್ಪುಗಳು. ಲೇನಿಗೆ ವ್ಯಕ್ತಿಯ ಹೆಸರಿಟ್ಟರೆ ಆತ ಕೆಲಸ ಬಿಟ್ಟ ದಿನ ನಕ್ಷೆ ಹಳತಾಗುತ್ತದೆ. ಹುದ್ದೆ ಅಥವಾ ವಿಭಾಗ ಬರೆಯಿರಿ. ಎರಡು ಲೇನ್‌ಗಳ ಮೇಲೆ ಹರಡಿಕೊಂಡ ‘ಇಬ್ಬರೂ ಪರಿಶೀಲಿಸುವರು’ ಎಂಬ ಪೆಟ್ಟಿಗೆ ಬೇಡವೇ ಬೇಡ, ಕೊನೆಗೆ ಸಹಿ ಯಾರದೋ ಅವರ ಲೇನಿಗೆ ಹಾಕಿ. ವಜ್ರಾಕೃತಿ ತಾನಾಗಿ ತೀರ್ಮಾನ ಮಾಡುವುದಿಲ್ಲ; ಅದರ ಹಿಂದೆ ತೀರ್ಮಾನಿಸುವ ಕೆಲಸದ ಪೆಟ್ಟಿಗೆ ಇರಬೇಕು. ಒಂದು ಹಾಳೆಯಲ್ಲಿ 25 ಪೆಟ್ಟಿಗೆ ದಾಟಿದರೆ ಒಂದು ಭಾಗವನ್ನು ಬೇರೆ ಹಾಳೆಗೆ ಸರಿಸಿ.

ಸಿದ್ಧವಾದ ನಕ್ಷೆಯನ್ನು ಹಂಚುವಾಗ ಪಿಎನ್‌ಜಿ ಆರಿಸಿ, ಜೂಮ್ 300 ಪ್ರತಿಶತ ಕೊಡಿ, ನಕ್ಷೆಯ ಪ್ರತಿಯನ್ನು ಒಳಗೆ ಸೇರಿಸುವ ಆಯ್ಕೆಗೆ ಗುರುತು ಹಾಕಿ. ಆಮೇಲೆ ಅದೇ ಚಿತ್ರವನ್ನು ಡ್ರಾ.ಐಒದಲ್ಲಿ ತೆರೆದು ತಿದ್ದಬಹುದು, ಇದು ಬಹಳ ಚೆಂದದ ಸೌಲಭ್ಯ. ಆದರೆ ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಒಳಗಿನ ಪ್ರತಿ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಎಂದೇ ಕಳಿಸಿ. ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರದ ಫೈಲ್) ಮಾಡಿ ಬೇರೆ ತಂತ್ರಾಂಶದಲ್ಲಿ ತೆರೆದಾಗ ಅಕ್ಷರಗಳೇ ಕಾಣದೆ ಒಂದು ಎಚ್ಚರಿಕೆಯ ಸಾಲು ಮಾತ್ರ ಕಾಣುವುದುಂಟು. ಟೆಕ್ಸ್ಟ್ ಹಾಳೆಯಲ್ಲಿ ‘ವರ್ಡ್ ರ‍್ಯಾಪ್’ ಮತ್ತು ‘ಫಾರ್ಮ್ಯಾಟೆಡ್ ಟೆಕ್ಸ್ಟ್’ ಎರಡನ್ನೂ ತೆಗೆದು ಮತ್ತೆ ರಫ್ತು ಮಾಡಿದರೆ ಸರಿಹೋಗುತ್ತದೆ, ಸಾಲುಗಳನ್ನು ಮಾತ್ರ ಕೈಯಾರೆ ಮುರಿಯಬೇಕು. ಫಾಂಟಿಗೆ ನೋಟೊ ಸಾನ್ಸ್ ಕನ್ನಡವನ್ನು ಹೆಸರಿಸಿ ಹಾಕಿ; ಬಿಟ್ಟರೆ ಪ್ರತಿ ಕಂಪ್ಯೂಟರಿನಲ್ಲೂ ಬೇರೆ ಕನ್ನಡ ಫಾಂಟ್ ಬಂದು ಪದಗಳು ಪೆಟ್ಟಿಗೆಯಿಂದ ಹೊರಚಾಚುತ್ತವೆ.

ಓದಿಸಲು, ಚರ್ಚಿಸಲು, ಗೋಡೆಗೆ ಅಂಟಿಸಲು, ಐಎಸ್‌ಒ ಆಡಿಟರ್ ಮುಂದಿಡಲು ಡ್ರಾ.ಐಒ ಧಾರಾಳವಾಗಿ ಸಾಕು. ಪ್ರಕ್ರಿಯೆಯನ್ನು ಮುಂದೆ ತಂತ್ರಾಂಶದಲ್ಲಿ ಓಡಿಸುವ ಯೋಚನೆ ಇದ್ದರೆ ಮಾತ್ರ ಬಿಪಿಎಂಎನ್ ನಕ್ಷೆಗೆಂದೇ ಇರುವ ಕ್ಯಾಮುಂಡಾ ಮಾಡೆಲರ್ ನೋಡಿ. ಅದೂ ಉಚಿತ, ಕಂಪ್ಯೂಟರಿನಲ್ಲೇ ಓಡುತ್ತದೆ. ಪೂಲ್ ದಾಟಿ ಬಾಣ ಎಳೆದರೆ ತಾನೇ ಸಂದೇಶದ ಚುಕ್ಕಿಗೆರೆ ಮಾಡಿಕೊಳ್ಳುತ್ತದೆ, ಒಂದು ಲೇನನ್ನು ಎರಡೋ ಮೂರೋ ಆಗಿ ಸೀಳುವ ಗುಂಡಿ ಅಲ್ಲೇ ಇದೆ, ನಡುವೆ ಜಾಗ ಮಾಡುವ ಸಾಧನವಂತೂ ದೊಡ್ಡ ಅನುಕೂಲ. ಆಕಾರ, ಬಣ್ಣಗಳಲ್ಲಿ ಸ್ವಾತಂತ್ರ್ಯ ಕಡಿಮೆ. ಡ್ರಾ.ಐಒದಲ್ಲಿ ಬಿಪಿಎಂಎನ್ ಚಿಹ್ನೆಗಳನ್ನೇ ಬಳಸಿ ಬಿಡಿಸಿದ್ದರೂ ಅದು ಬಿಪಿಎಂಎನ್ ಫೈಲಾಗಿ ಹೊರಬರುವುದಿಲ್ಲ, ಎಲ್ಲವನ್ನೂ ಮತ್ತೆ ಬಿಡಿಸಬೇಕಾಗುತ್ತದೆ. ಆದ್ದರಿಂದ ಆ ತೀರ್ಮಾನ ಮೊದಲ ಪೆಟ್ಟಿಗೆ ಹಾಕುವ ಮುಂಚೆಯೇ ಆಗಬೇಕು.