ರೇಸಿನ ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಉಳಿಯಬೇಡಿ

ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ಇದನ್ನ ಪ್ರಯಾಣ ಅಂತ ಯಾರೂ ಕರೆಯಲ್ಲ, ನಾನೂ ಕರೆದಿರಲಿಲ್ಲ. ಮುಂಬೈಗೆ ಓಡೋಕೆ ಹೋದಾಗ ದಿಂಬಿನ ಕವರ್ ಸಮೇತ ಲೆಕ್ಕ ಹಾಕಿ ಚೀಲ ತುಂಬಿದ್ದವಳು ನಾನು. ಕಳೆದ ನವರಾತ್ರಿಯಲ್ಲಿ ಮೈಸೂರಿನ ಹಾಫ್ ಮ್ಯಾರಥಾನ್‌ಗೆ ಮಾತ್ರ ಶೂ, ಒಂದು ಜೊತೆ ಬಟ್ಟೆ ಹಿಡ್ಕೊಂಡು ಶನಿವಾರ ಬೆಳಗ್ಗೆ ರೈಲು ಹತ್ತಿದೆ. ಬಿಬ್, ಅಂದ್ರೆ ಓಡುವಾಗ ಎದೆಗೆ ಹಾಕ್ಕೊಳ್ಳೋ ನಂಬರಿನ ಚೀಟಿ, ತಗೊಳ್ಳೋಕೆ ಹೇಗೂ ಹಿಂದಿನ ದಿನ ಹೋಗಲೇಬೇಕಿತ್ತು. ಕುವೆಂಪುನಗರದಲ್ಲಿ ಚಿಕ್ಕಮ್ಮನ ಮನೆ ಇದೆ, ಲಾಡ್ಜಿನ ದುಡ್ಡು ಉಳೀತು, ಮನೆ ಊಟ ಸಿಕ್ತು ಅಂದುಕೊಂಡೆ.

ಭಾನುವಾರ 16ನೇ ಕಿಲೋಮೀಟರಿನಲ್ಲಿ ರಸ್ತೆ ಬದಿ ಕೂತೆ. ಆಮೇಲೆ ಹತ್ತು ದಿನ ರಕ್ತಪರೀಕ್ಷೆಗೆ ಅಲೆದೆ.

ನಾಲ್ಕು ತಿಂಗಳು ವಿ.ಸಿ. ನಾಲೆ ಏರಿ ಮೇಲೆ ಬೆಳಗಿನ ಐದಕ್ಕೆಲ್ಲ ಓಡಿ ತಯಾರಾಗಿದ್ದೆ. ಹಿಂದಿನ ವರ್ಷ ನನ್ನ ವಯಸ್ಸಿನ ವಿಭಾಗದಲ್ಲಿ ಮೂರನೇ ಸ್ಥಾನ 40 ಸೆಕೆಂಡಿನಲ್ಲಿ ಕೈತಪ್ಪಿತ್ತು. ಹಾಗಾಗಿ ಈ ಸಲ ಗುರಿ 1 ಗಂಟೆ 52 ನಿಮಿಷ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ತಯಾರಿ ಸಾಲದೆ ಕೆಟ್ಟ ರೇಸ್ ಅಲ್ಲ ಇದು. ಮೈಸೂರಿನಲ್ಲಿ ಇಳಿದ ಮೇಲಿನ ಹದಿನೆಂಟು ಗಂಟೆಯಲ್ಲಿ ಕೆಟ್ಟಿದ್ದು.

ಊಟ ಆಗಿ ಕೈ ತೊಳೆದಿರಲಿಲ್ಲ, ಚಿಕ್ಕಪ್ಪ "ನವರಾತ್ರೀಲಿ ಮೈಸೂರಿಗೆ ಬಂದು ತಾಯಿ ನೋಡ್ದೆ ಹೋಗ್ತಾರೇನಮ್ಮ, ನಡಿ ಬೆಟ್ಟಕ್ಕೆ" ಅಂದರು. ಮೆಟ್ಟಿಲು ಹತ್ತಲ್ಲ ಅಂತ ನಾನು ಮೊದಲೇ ಷರತ್ತು ಹಾಕಿದೆ. ಬಸ್ಸಲ್ಲೇ ಹತ್ತಿದ್ವಿ. ದರ್ಶನ ಮುಗಿಸಿ ಬಂದರೆ ಕೆಳಗಿಳಿಯೋ ಬಸ್ಸಿಗೆ ಹನುಮಂತನ ಬಾಲದಂಥ ಸಾಲು. "ಮೆಟ್ಟಿಲಲ್ಲೇ ಇಳಿದುಬಿಡೋಣ, ಹತ್ತೋದು ಕಷ್ಟ, ಇಳಿಯೋದೇನು ಮಹಾ" ಅಂದರು ಚಿಕ್ಕಪ್ಪ. ನನಗೂ ಸರಿ ಅನ್ನಿಸ್ತು. ಅಲ್ಲೇ ಎಡವಿದ್ದು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಮೈಭಾರವನ್ನ ತಡೆದು ಹಿಡೀಬೇಕು, ಎಳೆಗಳಿಗೆ ಜಾಸ್ತಿ ಪೆಟ್ಟು ಬೀಳೋದು ಆಗಲೇ. ನೋವು ಕೂಡಲೇ ತಿಳಿಯಲ್ಲ, ಒಂದರಿಂದ ಮೂರು ದಿನದೊಳಗೆ ಜೋರಾಗುತ್ತೆ. ಸಾವಿರ ಮೆಟ್ಟಿಲು ಹಾಗೆ ಇಳಿದೆ ನಾನು, ಅದೂ ಸಮತಟ್ಟು ನಾಲೆ ಏರಿಗೆ ಒಗ್ಗಿದ ಕಾಲಲ್ಲಿ. ನಂದಿ ಹತ್ತಿರ ಬರುವಷ್ಟರಲ್ಲೇ ಮಂಡಿ ನಡುಗ್ತಿತ್ತು. ಫೋಟೊ ಚೆನ್ನಾಗಿ ಬಂದಿದೆ, ಅದೊಂದು.

ಸಂಜೆ ಮನೆ ತುಂಬಾ ಜನ. ಚಿಕ್ಕಮ್ಮ ಪ್ರತಿ ವರ್ಷ ಗೊಂಬೆ ಕೂರಿಸ್ತಾರೆ, ಏಳು ಮೆಟ್ಟಿಲು. ಬಂದವರಿಗೆಲ್ಲ ಅರಿಶಿನ ಕುಂಕುಮ, ಕಡಲೆಕಾಳಿನ ಉಸ್ಲಿ. ಬಂದವರ ಜೊತೆ ನನಗೂ ಒಂದೊಂದು ದೊನ್ನೆ. "ನಾಳೆ ಓಡ್ಬೇಕು ಚಿಕ್ಕಮ್ಮ, ಹೊಟ್ಟೆ ಹಗುರ ಇರ್ಬೇಕು" ಅಂದೆ. "ಅಲ್ಲ ಕಣೆ, ಇಪ್ಪತ್ತೊಂದು ಕಿಲೋಮೀಟ್ರು ಉಪವಾಸ ಓಡ್ತೀಯಾ? ಕಾಳಲ್ಲೇ ಶಕ್ತಿ ಇರೋದು" ಅಂತ ಇನ್ನೊಂದು ದೊನ್ನೆ ಕೈಗಿಟ್ಟರು. ಶಕ್ತಿ ಇರೋದು ನಿಜ. ಆದರೆ ಕಾಳಿನಲ್ಲಿ ನಮ್ಮ ಸಣ್ಣಕರುಳು ಅರಗಿಸಲಾಗದ ಕೆಲವು ಸಕ್ಕರೆಗಳೂ ಇರ್ತವೆ. ದೊಡ್ಡಕರುಳಿನ ಬ್ಯಾಕ್ಟೀರಿಯಾ ಅವನ್ನ ಹುದುಗಿಸಿ ಗಾಳಿ ಮಾಡ್ತವೆ. ಓಡುವಾಗ ರಕ್ತ ಕಾಲಿನ ಕಡೆ ನುಗ್ಗುತ್ತೆ, ಕರುಳಿಗೆ ಕಡಿಮೆ ಆಗುತ್ತೆ. ಗಾಳಿ ತುಂಬಿದ ಕರುಳಿಗೆ ರಕ್ತವೂ ಸಾಲದೆ ಹೋದರೆ ಏನಾಗುತ್ತೆ ಅಂತ ಓಡೋರಿಗೆ ಹೇಳಬೇಕಾಗಿಲ್ಲ. ರಾತ್ರಿ ಮತ್ತೆ ಪೂರಿ, ಸಾಗು, ತುಪ್ಪದ ಹೋಳಿಗೆ. ನಾಚಿಕೆ ಬಿಟ್ಟು ಹೇಳ್ತೀನಿ, ಹೋಳಿಗೆ ಮೂರು ತಿಂದೆ. ಅದಕ್ಕೆ ಯಾರೂ ಒತ್ತಾಯ ಮಾಡಿರಲಿಲ್ಲ.

ಹಾಸಿಗೆ ಹಾಕಿದ್ದು ನಡುಮನೆಯಲ್ಲಿ, ಗೊಂಬೆಗಳ ಎದುರಿಗೆ. ದೀಪ ಆರಿಸೋ ಹಾಗಿಲ್ಲ. ಹನ್ನೊಂದೂವರೆವರೆಗೆ ಊರ ಸುದ್ದಿ, ಆಮೇಲೆ ಪಟ್ಟದ ಗೊಂಬೆ ರಾಜ ರಾಣಿ ನನ್ನನ್ನೇ ನೋಡ್ತಾ ನಿಂತಿದ್ವು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬರದೇ ಇರೋದು ಮನಸ್ಸಿನ ಭ್ರಮೆ ಅಲ್ಲವಂತೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗ ಬಲಭಾಗಕ್ಕಿಂತ ಎಚ್ಚರವಾಗಿ ಸದ್ದಿಗೆ ಕಿವಿಗೊಟ್ಟಿರೋದು ಕಂಡುಬಂತು. ನನಗಂತೂ ಎರಡೂ ಭಾಗ ಎಚ್ಚರವಾಗೇ ಇದ್ವು. ನಿದ್ದೆ ಅಂತ ಬಂದಿದ್ದು ಎರಡು ಗಂಟೆ ಇರಬಹುದು.

ಮೂರೂವರೆಗೆ ಹೊಟ್ಟೆ ಕೆಟ್ಟಿತು. ಎರಡು ಸಲ ಹೋಗಿ ಬಂದ ಮೇಲೆ ಚಿಕ್ಕಪ್ಪನ ಔಷಧಿ ಡಬ್ಬಿಯಿಂದ ಓಆರ್‌ಎಸ್ ಪೊಟ್ಟಣ ತೆಗೆದು ಒಂದು ಲೋಟ ನೀರಿಗೆ ಸುರಿದು ಕುಡಿದೆ. ಅದು ಒಂದು ಲೀಟರಿಗೆ ಬೆರೆಸಬೇಕಾದ ಪೊಟ್ಟಣ. ಅಷ್ಟು ಗಟ್ಟಿ ಮಾಡಿ ಕುಡಿದರೆ ನೀರು ಮೈಗೆ ಸೇರೋ ಬದಲು ಕರುಳೇ ಮೈಯಿಂದ ನೀರು ಎಳೆಯುತ್ತೆ. 200 ಮಿಲಿ ಲೀಟರಿನ ಸಣ್ಣ ಪೊಟ್ಟಣವೂ ಬರುತ್ತೆ, ದಯವಿಟ್ಟು ಮೇಲಿರೋ ಅಳತೆ ಓದಿ. ನಾನು ಓದಿರಲಿಲ್ಲ.

ತೊಡೆ ಕಲ್ಲಾಗಿತ್ತು. ಅದೇ ಡಬ್ಬಿಯಲ್ಲಿ ನೋವಿನ ಮಾತ್ರೆ, ಐಬುಪ್ರೊಫೆನ್ 400 ಕಣ್ಣಿಗೆ ಬಿತ್ತು. ಖಾಲಿ ಹೊಟ್ಟೆಗೆ ಒಂದು ನುಂಗಿದೆ. ಈ ಬರಹ ಬರೀತಿರೋದೇ ಈ ಒಂದು ಮಾತ್ರೆಗಾಗಿ.

ಮೊದಲ ಹತ್ತು ಕಿಲೋಮೀಟರ್ ಹೂವು ಎತ್ತಿದ ಹಾಗೆ ಹೋಯ್ತು. ನೋವಿಲ್ಲ, ವೇಗ ಲೆಕ್ಕದ ಪ್ರಕಾರ. ಲಲಿತಮಹಲ್ ರಸ್ತೆಯಲ್ಲಿ ಹೊಟ್ಟೆ ಹಿಂಡತೊಡಗಿತು, ಬೆವರು ನಿಂತು ಮೈ ತಣ್ಣಗಾಯ್ತು, ತಲೆ ತಿರುಗಿತು. ಕೂತವಳನ್ನ ಯಾರೋ ಇಬ್ಬರು ಹುಡುಗರು ಆಂಬುಲೆನ್ಸಿಗೆ ಕೂರಿಸಿದರು. ಡ್ರಿಪ್ ಹಾಕಿದರು, ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತೆ. ಅಷ್ಟಕ್ಕೆ ಮುಗೀತು ಅಂದುಕೊಂಡರೆ ಮಾರನೇ ದಿನವೂ ಮೂತ್ರ ಕಡಿಮೆ, ಬಣ್ಣ ಕಾಫಿ ಡಿಕಾಕ್ಷನ್ ಥರ.

ಮಂಡ್ಯದ ಡಾಕ್ಟರು ಪರೀಕ್ಷೆ ಮಾಡಿಸಿದಾಗ ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು, ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲೇ ಉಳಿಯೋ ಕಸ ಅದು. ಅವರು ಬಿಡಿಸಿ ಹೇಳಿದ್ದು ಇಷ್ಟು: ಮೈಯಲ್ಲಿ ನೀರು ಕಡಿಮೆ ಆದಾಗ ಕಿಡ್ನಿಗೆ ಹೋಗೋ ರಕ್ತನಾಳ ಮುಚ್ಚಿಕೊಳ್ಳದ ಹಾಗೆ ಪ್ರೋಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಕಾಯುತ್ತೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆಗಳು ನೋವು ಇಳಿಸೋದು ಅದನ್ನೇ ತಡೆದು. ಭೇದಿ ಆಗಿ, ಬೆವರು ಸುರಿದು, ಮೇಲೆ ಈ ಮಾತ್ರೆಯೂ ಸೇರಿದರೆ ಕಿಡ್ನಿಗೆ ಕಾವಲೇ ಇಲ್ಲ. "ಹೊಲಕ್ಕೆ ನೀರು ಕಮ್ಮಿ ಇರೋವಾಗ್ಲೇ ತೂಬು ಮುಚ್ಚಿದ್ರೆ ಬೆಳೆ ಏನಾಯ್ತದಮ್ಮ?" ಅಂದರು. ನನ್ನ ಅದೃಷ್ಟ, ಹತ್ತು ದಿನದಲ್ಲಿ ಮಾಮೂಲಿಗೆ ಬಂತು. ನಮ್ಮ ಓಟದ ಗುಂಪಿನಲ್ಲಿ ವಿಚಾರಿಸಿದರೆ, ಅರ್ಧಕ್ಕರ್ಧ ಜನ ರೇಸಿನ ಬೆಳಗ್ಗೆ "ಮುಂಜಾಗ್ರತೆಗೆ" ಒಂದು ನುಂಗೋರೇ. ನಿಲ್ಲಿಸಿ ಮಾರಾಯ್ರೇ.

ಈಗ ಮೈಸೂರಿನ ರೇಸಿಗೆ ಶನಿವಾರ ಬಿಬ್ ತಗೊಂಡು ಸಂಜೆ ರೈಲಿಗೆ ವಾಪಸ್ ಬರ್ತೀನಿ. ನಮ್ಮನೆಯ ಅನ್ನ ತಿಳಿಸಾರು, ನನ್ನ ಹಾಸಿಗೆ, ಒಂಬತ್ತಕ್ಕೆ ದೀಪ ಬಂದ್. ಬೆಳಗಿನ ನಾಲ್ಕಕ್ಕೆ ಕಾರು. ದೂರದ ಊರಾದರೆ ರೇಸಿಗೆ ಎರಡು ದಿನ ಮೊದಲೇ ಹೋಗಿ ಲಾಡ್ಜಿನಲ್ಲಿ ರಸ್ತೆ ಕಡೆ ಕಿಟಕಿ ಇಲ್ಲದ ರೂಮು ಕೇಳ್ತೀನಿ. ಆ ಮೊದಲ ರಾತ್ರಿಯ ಅರೆನಿದ್ದೆ ರೇಸಿನ ಹಿಂದಿನ ರಾತ್ರಿಗೆ ಬೀಳಬಾರದು.

ಇದೆಲ್ಲ ಚಿಕ್ಕಮ್ಮನಿಗೆ ಹೇಳೋದೇ ದೊಡ್ಡ ರೇಸ್ ಆಯ್ತು. ಎರಡು ತಿಂಗಳು ಫೋನೇ ಮಾಡಲಿಲ್ಲ. ಮೊನ್ನೆ ಮಾಡಿದರು. "ಈ ಸಲ ಉಳ್ಕೊಬೇಡ ಬಿಡು. ಓಡಿ ಮುಗಿಸ್ಕೊಂಡು ಸೀದಾ ಬಾ, ಉಸ್ಲಿ ಎತ್ತಿಟ್ಟಿರ್ತೀನಿ."