ಅಂಗೈಯಗಲದ ರೇಡಿಯೊ, ಹಲಸಿನ ಮರದ ತಂತಿ: ಎರಡು ಮಳೆಗಾಲ ಕಂಡ ಟೆಕ್ಸನ್ ಪಿಎಲ್-330

ಸಿದ್ದಾಪುರದಿಂದ ಆಚೆ, ಮೂರು ಕಡೆ ಗುಡ್ಡ, ಒಂದು ಕಡೆ ಅಡಿಕೆ ತೋಟ ಇರುವ ಮನೆ ನಮ್ಮದು. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಕೊಟ್ಟಿಗೆಯ ಹಿಂದಿನ ದಿಣ್ಣೆ ಹತ್ತಬೇಕು. ಎಫ್‌ಎಂ ಒಂದು ದಿನ ಬಂದರೆ ಎರಡು ದಿನ ಇಲ್ಲ. ಆದರೆ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ, 765 ಕಿಲೋಹರ್ಟ್ಸ್, ನಾನು ಮದುವೆಯಾಗಿ ಬಂದಾಗಿನಿಂದ ಈ ಅಡುಗೆಮನೆಯಲ್ಲಿ ಕೇಳುತ್ತಿದೆ. ಅತ್ತೆಯವರ ಕಾಲದ ಮರದ ರೇಡಿಯೊ ನಿಂತುಹೋದ ಮೇಲೆ ಅದರ ಜಾಗಕ್ಕೆ ತಂದದ್ದು ಈ ಪಿಎಲ್-330. ಅಂಚೆ ಕಚೇರಿಯಲ್ಲಿ ಹಣ ಕಟ್ಟಿದ ಗುರುತಿರುವ ಆ ಹಳೆಯ ರೇಡಿಯೊದ ಲೈಸೆನ್ಸ್ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಈಗ ಕೇಳುವುದಕ್ಕೆ ಯಾವ ಲೈಸೆನ್ಸೂ ಬೇಡ.

ಎಂಟು ಸಾವಿರ ರೂಪಾಯಿಗೂ ಮೇಲೆ ಕೊಟ್ಟೆ. ಅಂಗೈಯಗಲದ ರೇಡಿಯೊಗೆ ಇಷ್ಟು ಹಣವೇ ಎಂದು ಮನೆಯಲ್ಲಿ ಮಾತು ಬಂತು. ಎರಡು ಮಳೆಗಾಲ ದಿನವೂ ಬಳಸಿದ ಮೇಲೆ ಆ ಮಾತಿಗೆ ನನ್ನ ಉತ್ತರ ಇಲ್ಲಿದೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ತಂದ ದಿನ ಅಡುಗೆಮನೆಯ ಕಪಾಟಿನ ಮೇಲಿಟ್ಟು ಹಚ್ಚಿದರೆ ಧಾರವಾಡದ ಮೇಲೆ ದುಂಬಿ ಕೊರೆದಂತೆ ಗುಂಯ್‌ಗುಡುವ ಸದ್ದು. ಕೆಟ್ಟ ರೇಡಿಯೊ ಬಂತೆಂದು ವಾಪಸು ಕಳಿಸಲು ಪೆಟ್ಟಿಗೆಯನ್ನೂ ಕಟ್ಟಿದ್ದೆ. ಆ ಸಂಜೆ ಕರೆಂಟು ಹೋಯಿತು. ಕತ್ತಲಲ್ಲಿ ಸುಮ್ಮನೆ ಮತ್ತೊಮ್ಮೆ ಹಚ್ಚಿದೆ. ಗುಂಯ್ ಇಲ್ಲ. ಪಕ್ಕದ ಕೋಣೆಯಲ್ಲಿ ಕೂತು ಓದುತ್ತಿದ್ದಾರೋ ಎಂಬಷ್ಟು ಸ್ಪಷ್ಟವಾಗಿ ಪ್ರದೇಶ ಸಮಾಚಾರ. ಗದ್ದಲ ಬರುತ್ತಿದ್ದದ್ದು ರೇಡಿಯೊದಿಂದಲ್ಲ, ತಲೆಯ ಮೇಲಿನ ಎಲ್‌ಇಡಿ ಬಲ್ಬಿನಿಂದ, ಇನ್ವರ್ಟರಿನಿಂದ, ಮೊಬೈಲ್ ಚಾರ್ಜರಿನಿಂದ. ಒಂದೊಂದನ್ನೇ ಆರಿಸಿ ನೋಡಿದೆ. ಎಲ್ಲಕ್ಕಿಂತ ಕೆಟ್ಟದ್ದು ಜಗಲಿಯ ಅಗ್ಗದ ಬಲ್ಬು, ಅದನ್ನು ಬದಲಾಯಿಸಿದೆವು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ರೇಡಿಯೊ ಕೊಂಡವರಲ್ಲಿ ಎಷ್ಟೋ ಜನ ಮನೆಯ ಗದ್ದಲವನ್ನು ರೇಡಿಯೊದ ದೋಷವೆಂದು ತಿಳಿದು ಅದನ್ನು ಮೂಲೆಗೆ ಹಾಕುತ್ತಾರೆ. ಯಾವ ರೇಡಿಯೊ ಕೊಳ್ಳಲಿ ಎಂದು ಕೇಳುವ ಮೊದಲು ಅದನ್ನು ಎಲ್ಲಿಟ್ಟು ಕೇಳುತ್ತೀರಿ ಎಂದು ನೋಡಿಕೊಳ್ಳಿ. ಪಿಎಲ್-330ರ ಪರದೆಯ ಮೇಲೆ ಸಿಗ್ನಲ್ಲಿನ ಬಲ, ಸಿಗ್ನಲ್ಲಿಗೂ ಗದ್ದಲಕ್ಕೂ ಇರುವ ಅಂತರ ಎರಡೂ ಅಂಕಿಗಳಲ್ಲಿ ಕಾಣುತ್ತವೆ. ಅಡುಗೆಮನೆಯಲ್ಲಿ ಈ ಅಂತರ 6 ಎಂದು ತೋರಿಸುತ್ತಿದ್ದ ನಿಲಯ ಅಂಗಳದ ತುಳಸಿಕಟ್ಟೆಯ ಬಳಿ 19 ತೋರಿಸಿತು. ಕಿವಿಗೆ ಅನುಮಾನವಿದ್ದರೂ ಅಂಕಿಯನ್ನು ನಂಬಬಹುದು.

ಮಧ್ಯಮ ತರಂಗಕ್ಕೆ ಆಂಟೆನಾ ರೇಡಿಯೊದ ಹೊಟ್ಟೆಯೊಳಗೇ ಇದೆ, ಅಡ್ಡ ಮಲಗಿಸಿದ ಒಂದು ಫೆರೈಟ್ ಕೋಲು. ಅದು ಕೋಲಿನ ತುದಿಯ ಕಡೆಯಿಂದ ಬರುವುದನ್ನು ಕೇಳಿಸಿಕೊಳ್ಳುವುದಿಲ್ಲ, ಪಕ್ಕದಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ. ಧಾರವಾಡ ನಮಗೆ ನೇರ ಉತ್ತರಕ್ಕೆ. ಹಾಗಾಗಿ ರೇಡಿಯೊದ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಬೇಕು. ರಾತ್ರಿ ಬೆಂಗಳೂರಿನ 612 ಬೇಕಾದಾಗ ತಿರುಗಿಸಿಡುತ್ತೇನೆ. ಕಪಾಟಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದೇನೆ, ಒಂದು ಧಾರವಾಡಕ್ಕೆ, ಒಂದು ಬೆಂಗಳೂರಿಗೆ.

ಸ್ಪೀಕರ್ ಚಿಕ್ಕದು. ಮಾತಿಗೆ ಧಾರಾಳ ಸಾಕು. ಹಿಂದೂಸ್ತಾನಿ ಗಾಯನ ಬರುವಾಗ ಮಾತ್ರ ತಂಬೂರಿಯ ತುಂಬುದನಿಗೆ ಹಳೆಯ ಮರದ ಪೆಟ್ಟಿಗೆಯೇ ನೆನಪಾಗುತ್ತದೆ. ಸಂಗೀತಕ್ಕೆ ಬ್ಯಾಂಡಿನ ಅಗಲವನ್ನು 9 ಕಿಲೋಹರ್ಟ್ಸಿಗೆ ಇಟ್ಟು ಇಯರ್‌ಫೋನ್ ಹಾಕಿಕೊಂಡರೆ ಕೊರತೆ ಬಹಳ ಮಟ್ಟಿಗೆ ನೀಗುತ್ತದೆ. ಬ್ಯಾಟರಿ ಹಳೆಯ ನೋಕಿಯಾ ಫೋನುಗಳಲ್ಲಿರುತ್ತಿದ್ದ ಬಿಎಲ್-5ಸಿ. ಪೇಟೆಯ ಯಾವುದೇ ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಹಳ್ಳಿಯಲ್ಲಿರುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಹ್ರಸ್ವ ತರಂಗ, ಅಂದರೆ ದೂರದೇಶಗಳಿಂದಲೂ ಬರುವ ಶಾರ್ಟ್‌ವೇವ್. ಬಿಬಿಸಿ ಹಿಂದಿಯ ಹ್ರಸ್ವ ತರಂಗ ಪ್ರಸಾರ 2020ರ ಜನವರಿ 31ಕ್ಕೆ ನಿಂತುಹೋಯಿತು. ಮಾವನವರು ರಾತ್ರಿ ಕಿವಿಗೊಟ್ಟು ಕೇಳುತ್ತಿದ್ದ ಎಷ್ಟೋ ನಿಲಯಗಳು ಈಗಿಲ್ಲ. ಆದರೂ ಕತ್ತಲಾದ ಮೇಲೆ ಬ್ಯಾಂಡು ಖಾಲಿ ಇರುವುದಿಲ್ಲ. ಇಲ್ಲಿ ಉದ್ದ ತಂತಿ ಬೇಕು. ಅಂಗಡಿಯಿಂದ ಹತ್ತು ಮೀಟರ್ ವೈರಿಂಗ್ ತಂತಿ ತಂದು ಕಿಟಕಿಯಿಂದ ಹಲಸಿನ ಮರಕ್ಕೆ ಕಟ್ಟಿ, ಈಚೆಯ ತುದಿಯನ್ನು ಕ್ಲಿಪ್ಪಿನಿಂದ ರೇಡಿಯೊದ ಕಡ್ಡಿಗೆ ಸಿಕ್ಕಿಸಿದ್ದೇನೆ. ದುಬಾರಿ ಆಂಟೆನಾಕ್ಕೆ ಹಣ ಹಾಕುವ ಮೊದಲು ಇಷ್ಟು ಮಾಡಿ ನೋಡಿ. ಗುಡುಗು ಶುರುವಾಗುವ ಮೊದಲೇ ತಂತಿಯನ್ನು ಕಳಚಿ ಹೊರಗೆ ಹಾಕುವುದನ್ನು ಮಾತ್ರ ಮರೆಯಬಾರದು.

ಈ ರೇಡಿಯೊವನ್ನೇ ಆರಿಸಿದ್ದಕ್ಕೆ ಮುಖ್ಯ ಕಾರಣ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್), ಅಂದರೆ ಸಿಗ್ನಲ್ಲಿನ ಒಂದೇ ಬದಿಯನ್ನು ಕಳಿಸುವ ವಿಧಾನ. ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, 7000ದಿಂದ 7200 ಕಿಲೋಹರ್ಟ್ಸಿನ ನಡುವೆ ಮಾತನಾಡುವುದು ಈ ವಿಧಾನದಲ್ಲಿ. ಸಾಮಾನ್ಯ ರೇಡಿಯೊದಲ್ಲಿ ಅದು ಬಾತುಕೋಳಿ ಕೂಗಿದಂತೆ ಕೇಳುತ್ತದೆ. ಇದರಲ್ಲಿ ಎಲ್‌ಎಸ್‌ಬಿ, ಅಂದರೆ ಕೆಳಬದಿಯನ್ನು ಆರಿಸಿ, 10 ಹರ್ಟ್ಸಿನ ಹೆಜ್ಜೆಯಲ್ಲಿ ಬದಿಯ ಚಕ್ರವನ್ನು ಉಗುರಿನ ತುದಿಯಿಂದ ಮೆಲ್ಲಗೆ ಸರಿಸಬೇಕು. ಕೀರಲು ಸ್ವರ ಇಳಿಯುತ್ತಾ ಬರುತ್ತದೆ, ಮೂಗಿನಿಂದ ಆಡಿದಂತಾಗುತ್ತದೆ, ಇನ್ನೆರಡು ಹೆಜ್ಜೆ ಸರಿಸಿದರೆ ಥಟ್ಟನೆ ಒಬ್ಬ ಮನುಷ್ಯ. ನನಗೆ ಮೊದಲ ಸಲ ಹಾಗೆ ಸಿಕ್ಕಿದ ಹಿರಿಯರು ಕನ್ನಡದಲ್ಲಿ ಇನ್ನೊಬ್ಬರನ್ನು ಕೇಳುತ್ತಿದ್ದದ್ದು, ‘ನಿಮ್ಮ ಕಡೆ ನಿನ್ನೆ ಮಳೆ ಎಷ್ಟಾಯಿತು?’ ಎಂದು. ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಈಗ ಬೆಳಗಿನ ದೋಸೆಯ ಹೊತ್ತಿಗೆ ಅವರ ದನಿಗಳೆಲ್ಲ ನನಗೆ ಪರಿಚಿತ.

ಮಾತನಾಡುವ ರೇಡಿಯೊ ಬೇರೆಯದೇ ವಿಷಯ. ತೋಟದಲ್ಲಿರುವ ನಮ್ಮ ಯಜಮಾನರನ್ನು ಆಸರಿಗೆ, ಅಂದರೆ ಏನಾದರೂ ಕುಡಿಯಲು, ಕರೆಯಲು ಒಂದು ಜೊತೆ ವಾಕಿಟಾಕಿ ತರಿಸೋಣ ಎಂದಾಯಿತು. ಮೊದಲು ತರಿಸಿದ್ದನ್ನು ಮಾರಿದವರು ಲೈಸೆನ್ಸಿನ ಸುದ್ದಿಯನ್ನೇ ಎತ್ತಲಿಲ್ಲ. ಸಾಗರದಲ್ಲಿರುವ ಅಳಿಯ ನೋಡಿ, ‘ಅತ್ತೆ, ಇದು ಹ್ಯಾಮ್‌ಗಳು ಬಳಸುವ ಬಗೆಯದು, ಲೈಸೆನ್ಸ್ ಇಲ್ಲದೆ ಇದರಲ್ಲಿ ಮಾತನಾಡುವ ಹಾಗಿಲ್ಲ’ ಎಂದ. ವಾಪಸು ಮಾಡಿದೆವು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿಗಳು 446.0ರಿಂದ 446.2 ಮೆಗಾಹರ್ಟ್ಸಿನ ಒಳಗಿನವು, ಅದೂ ಕಡಿಮೆ ಶಕ್ತಿಯವು. ಉಪಕರಣದ ಮಾದರಿಗೆ ಸರ್ಕಾರದ ಒಪ್ಪಿಗೆ ಇದೆಯೆಂದು ಹೇಳುವ ಇಟಿಎ ಪ್ರಮಾಣಪತ್ರವೂ ಇರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಮಾರಾಟಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಹಣ ಕಟ್ಟುವ ಮೊದಲು ತರಂಗಾಂತರ, ಪ್ರಮಾಣಪತ್ರ ಎರಡನ್ನೂ ಮಾರುವವರಲ್ಲಿ ಕೇಳಿಯೇ ಕೇಳಿ.

ಆಮೇಲೆ ತಂದ ಅರ್ಧ ವ್ಯಾಟಿನ ಜೊತೆಯ ಪೆಟ್ಟಿಗೆಯ ಮೇಲೆ 5 ಕಿಲೋಮೀಟರ್ ಎಂದಿತ್ತು. ನಮ್ಮ ತೋಟದಲ್ಲಿ ಆರುನೂರು ಮೀಟರ್ ದಾಟಿದರೆ, ನಡುವೆ ಗುಡ್ಡದ ಒಂದು ಮಡಿಕೆ ಬಂದರೆ, ಮಾತು ಹರಿದುಹೋಗುತ್ತದೆ. ಎದುರು ಬೆಟ್ಟದ ನೆತ್ತಿಯಿಂದಾದರೆ ಮೂರು ಪಟ್ಟು ದೂರವೂ ಸಲೀಸು. ಈ ಅಲೆಗಳಿಗೆ ಕಣ್ಣಿಗೆ ಕಾಣುವಂಥ ನೇರ ದಾರಿ ಬೇಕು, ಅಷ್ಟೇ. ಗುಂಡಿ ಒತ್ತಿ ಒಂದು ಉಸಿರು ತಡೆದು ಮಾತನಾಡುವುದನ್ನು ಕಲಿಯಬೇಕು. ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ಕೊಯ್ಲಿನ ದಿನಗಳಲ್ಲಿ ಯಜಮಾನರು ‘ನಾಳೆ ಬರಲಿ’ ಎಂದದ್ದು ನನಗೆ ‘ಬರಲಿ’ ಎಂದಷ್ಟೇ ಕೇಳಿಸಿತು. ಅಡಿಕೆ ಕೊನೆ ಇಳಿಸುವ ಕೊನೆಗಾರರನ್ನು ಆಗಲೇ ತೋಟಕ್ಕೆ ಕಳಿಸಿದೆ, ಪಾಪ, ಅರ್ಧ ದಾರಿ ಹೋಗಿ ತಿರುಗಿ ಬಂದರು.

ಕೇಳುವ ಹಂಬಲ ಇರುವವರಿಗೆ ಪಿಎಲ್-330 ಧೈರ್ಯವಾಗಿ ಹೇಳಬಲ್ಲ ಆಯ್ಕೆ. ಮನೆಯ ಎಫ್‌ಎಂ ಹಾಡಿಗಷ್ಟೇ ಆದರೆ ಇಷ್ಟು ಹಣ ಬೇಡ. ಮಾತನಾಡುವ ಆಸೆ ಇರುವವರೂ ಆರು ತಿಂಗಳು ಕೇಳಿ, ಆಮೇಲೆ ಹ್ಯಾಮ್ ಲೈಸೆನ್ಸಿನ ಪರೀಕ್ಷೆಗೆ ಕೂರುವುದು ಒಳ್ಳೆಯದು. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಕೂರಬಹುದು. ಎರಡು ದರ್ಜೆಗಳಿವೆ, ಕೆಳಗಿನದಕ್ಕೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ. ನಾನು ಅದಕ್ಕೇ ಓದುತ್ತಿದ್ದೇನೆ. ಬೆಳಗಿನ ಆ ಮಳೆಯ ಲೆಕ್ಕದಲ್ಲಿ ಸಿದ್ದಾಪುರದ ಹೆಸರು ಒಂದು ದಿನವೂ ಬಂದದ್ದನ್ನು ನಾನು ಕೇಳಿಲ್ಲ. ಮಳೆಮಾಪಕ ನಮ್ಮ ಅಂಗಳದಲ್ಲೇ ಇದೆ, ಹದಿನಾಲ್ಕು ವರ್ಷದ ಲೆಕ್ಕ ನನ್ನ ಪುಸ್ತಕದಲ್ಲಿದೆ.