ಹಳೇ ಓಮ್ನಿಯ ಎಣ್ಣೆ ಸೋರಿಕೆ: ರಟ್ಟು, ಡೈ, ಪೌಡರ್ – ಮೂರನ್ನೂ ನೋಡಿದ್ದಾಯ್ತು

ಗೇರ್‌ಬಾಕ್ಸ್ ಇಳಿಸಿ ಎಂಜಿನ್ ಹಿಂದಿನ ಆಯಿಲ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ಬಳೆ) ಬದಲಾಯಿಸಿದ ಮರುದಿನ ಬೆಳಿಗ್ಗೆ ನೋಡಿದರೆ, ಅಂಗಳದ ಅದೇ ಜಾಗದಲ್ಲಿ ಅದೇ ಕಪ್ಪು ಹನಿ. ಕೈಯಿಂದ 4,200 ರೂಪಾಯಿ ಹೋಗಿತ್ತು. ಅದರಲ್ಲಿ ಸೀಲಿನ ದುಡ್ಡು ಸ್ವಲ್ಪವೇ, ಉಳಿದದ್ದೆಲ್ಲ ಇಳಿಸಿ ಏರಿಸಿದ ಕೂಲಿ. ಮೆಕ್ಯಾನಿಕ್‌ನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಯಾರಿಗಾದರೂ ಮೊದಲು ಆ ಸೀಲೇ ನೆನಪಾಗುತ್ತದೆ.

ಆಮೇಲೆ ನಾನೇ ಹುಡುಕಲು ಕೂತೆ. ಮೂರು ದಾರಿ ನೋಡಿದೆ. ಗೆದ್ದದ್ದು ಸ್ನಾನದ ಮನೆಯ ಟಾಲ್ಕಂ ಪೌಡರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ರಟ್ಟು ಪುಕ್ಕಟೆ. ರಾತ್ರಿ ಗಾಡಿ ಅಡಿಗೆ ಹಾಸಿದರೆ ಬೆಳಿಗ್ಗೆ ಏನು ಸೋರುತ್ತಿದೆ ಅಂತ ಗೊತ್ತಾಗುತ್ತದೆ. ಕಪ್ಪಾಗಿದ್ದರೆ ಎಂಜಿನ್ ಆಯಿಲ್. ಗಂಧಕದ ಕೊಳೆತ ವಾಸನೆ ಬಂದರೆ ಗೇರ್ ಆಯಿಲ್. ಎಲ್ಲಿಂದ ಅಂತ ಮಾತ್ರ ಗೊತ್ತಾಗುವುದಿಲ್ಲ. ನಮ್ಮ ಅಂಗಳ ಬೇರೆ ಇಳಿಜಾರು. ಎಲ್ಲೋ ಸೋರಿದ್ದು ಇನ್ನೆಲ್ಲೋ ಹರಿದು ಬಂದು ಬೀಳುತ್ತದೆ.

ಇನ್ನು ಡೈ. ಎಂಜಿನ್ ಆಯಿಲ್‌ಗೆ ಹಾಕುವ ಹೊಳೆಯುವ ಬಣ್ಣ, ಜೊತೆಗೆ ನೇರಳೆ ಬೆಳಕಿನ ಟಾರ್ಚ್ ಮತ್ತು ಹಳದಿ ಕನ್ನಡಕ. ಆನ್‌ಲೈನ್‌ನಲ್ಲಿ 1,150 ರೂಪಾಯಿ ಕೊಟ್ಟೆ. ಎಣ್ಣೆ ಎಲ್ಲಿ ಒಸರುತ್ತದೋ ಅಲ್ಲಿ ಕತ್ತಲಲ್ಲಿ ಹಳದಿ ಹಸಿರಾಗಿ ಹೊಳೆಯಬೇಕು. ಹೊಳೆಯಿತು. ಎಲ್ಲ ಕಡೆ ಹೊಳೆಯಿತು!

ಆಗಿದ್ದು ಇಷ್ಟೇ. ಎಣ್ಣೆ ಹಾಕುವ ಬಾಯಿ ಇರುವುದೇ ಟ್ಯಾಪೆಟ್ ಕವರ್, ಅಂದರೆ ಎಂಜಿನ್ ತಲೆಯ ಮುಚ್ಚಳದ ಮೇಲೆ. ಸೀಟು ಎತ್ತಿ, ಬಗ್ಗಿ, ಆ ಪುಟ್ಟ ಬಾಟಲಿಯಿಂದ ಸುರಿಯುವಾಗ ನಾಲ್ಕು ಹನಿ ಹೊರಗೆ ಬಿತ್ತು. ಬಟ್ಟೆಯಲ್ಲಿ ಒರೆಸಿದೆ. ಒರೆಸಿದೆ ಅಂದುಕೊಂಡೆ, ಅಷ್ಟೇ. ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ರಾತ್ರಿ ಟಾರ್ಚ್ ಹಿಡಿದರೆ ಕವರ್ ಪೂರ್ತಿ ಹಸಿರು. ನನ್ನ ಬೆರಳು, ಸೀಟಿನ ಅಂಚು, ಸ್ಟೀರಿಂಗ್, ಕೊನೆಗೆ ಮೂಗಿನ ತುದಿ ಕೂಡ. ಕವರ್ ಅಂಚಿಗೆ ಕೂರುವ ರಬ್ಬರ್ ಪ್ಯಾಕಿಂಗ್ ಸೋರುತ್ತಿದೆಯೋ, ನಾನು ಚೆಲ್ಲಿದ್ದೋ, ಹೇಗೆ ಹೇಳುವುದು?

ಮರುದಿನ ಸೀಮೆಎಣ್ಣೆ ಹಾಕಿ ಉಜ್ಜಿದೆ. ರಾತ್ರಿ ಮತ್ತೆ ಹೊಳೆಯಿತು. ಇನ್ನೊಮ್ಮೆ ಉಜ್ಜಿದೆ. ಮೂರನೇ ರಾತ್ರಿ ಒಂದು ಹೋಸ್ ಪೈಪಿನ ಬುಡ ಮಿನುಗಿದಾಗ ಸಿಕ್ಕಿತು ಅಂತ ಕುಣಿದಾಡಿದೆ. ನೋಡಿದರೆ ಅದು ಎಂಜಿನ್ ತಣ್ಣಗಿಡುವ ಕೂಲೆಂಟ್. ಅದೂ ಈ ಬೆಳಕಿಗೆ ಹೊಳೆಯುತ್ತದೆ ಅಂತ ಡಬ್ಬದ ಮೇಲೆ ಯಾರೂ ಬರೆದಿರಲಿಲ್ಲ. ಡೈ ತರುವುದೇ ಆದರೆ ಮೊದಲು ಒಂದು ಬಾಟಲಿಯಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಜೊತೆ ಕಲಸಿ, ಆಳಿಕೆ ಇಟ್ಟು ಸುರಿಯಿರಿ. ಕೈಗೆ ಗ್ಲೌಸ್ ಹಾಕಿ. ಎಸಿಗೆ ಬಳಸುವ ಡೈ ಬೇರೆ, ಅದನ್ನು ತರಬೇಡಿ.

ಪೌಡರ್ ಕೆಲಸ ಒಂದು ಭಾನುವಾರ ಬೆಳಿಗ್ಗೆಯಲ್ಲಿ ಮುಗಿಯಿತು. ತಣ್ಣಗಿರುವ ಎಂಜಿನ್ ಅನ್ನು ಚೆನ್ನಾಗಿ ತೊಳೆದು, ಒರೆಸಿ, ಪೂರ್ತಿ ಒಣಗಲು ಬಿಟ್ಟೆ. ಆಮೇಲೆ ಬೆಲ್ಟ್ ಮತ್ತು ಏರ್ ಫಿಲ್ಟರ್ ಬಾಯಿ ಬಿಟ್ಟು ಉಳಿದ ಕಡೆ ತೆಳ್ಳಗೆ ಪೌಡರ್ ಉದುರಿಸಿದೆ. ನಿಂತಲ್ಲೇ ಹದಿನೈದು ನಿಮಿಷ ಓಡಿಸಿದೆ. ಓಡಾಡಿಸಿದರೆ ಗಾಳಿಗೆ ಎಣ್ಣೆ ಹಿಂದಕ್ಕೆ ಚದುರುತ್ತದೆ, ಬೇಡ. ಬಿಳಿ ಪುಡಿಯ ಮೇಲೆ ಒಂದೇ ಒಂದು ಕಪ್ಪು ಗೆರೆ ಮೂಡಿತ್ತು. ಗೆರೆಯ ಕೆಳತುದಿ ಗೇರ್‌ಬಾಕ್ಸ್ ಹತ್ತಿರ. ಬೆರಳಿಟ್ಟು ಮೇಲಕ್ಕೆ ಹೋದೆ, ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಗೆ ಹೋಗಿ ನಿಂತಿತು. ಅಲ್ಲಿನ ರಬ್ಬರ್ ಪ್ಯಾಕಿಂಗ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹೊಸದು ನಾನೇ ಹಾಕಿದೆ, ಗೇರ್‌ಬಾಕ್ಸ್ ಮುಟ್ಟಬೇಕಾಗಿಯೇ ಇರಲಿಲ್ಲ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿತ್ತು, ಅದನ್ನೂ ಬಿಡಿಸಿದೆ. ಅದು ಕಟ್ಟಿದರೆ ಒಳಗಿನ ಒತ್ತಡ ಹೊಸ ಪ್ಯಾಕಿಂಗ್‌ನಿಂದಲೂ ಎಣ್ಣೆ ತಳ್ಳುತ್ತದೆ.

ಪೌಡರ್‌ಗೂ ಒಂದು ಕೊರತೆ ಇದೆ. ಮಳೆಗಾಲದಲ್ಲಿ ಒದ್ದೆಯಾದರೆ ಹಿಟ್ಟು ಕಲಸಿದ ಹಾಗೆ ಆಗುತ್ತದೆ. ವಾರಕ್ಕೆ ಎರಡು ಹನಿಯಷ್ಟೇ ಸೋರುವ ಗಾಡಿಗೆ ಹದಿನೈದು ನಿಮಿಷ ಸಾಲದು, ಅಲ್ಲಿ ಡೈ ವಾಸಿ. ನನ್ನದು ಪೇಟೆಗೆ ತರಕಾರಿ ಹೊರುವ 2006ರ ಗಾಡಿ. ಮೂರು ರಾತ್ರಿ ಅದರ ಅಡಿಯಲ್ಲಿ ಮಲಗುವ ವ್ಯವಧಾನ ನನಗಿಲ್ಲ.

ಡೈ ಅರ್ಧ ಬಾಟಲಿ ಉಳಿದಿದೆ, ಹತ್ತಿರದವರು ಯಾರಾದರೂ ಕೇಳಿದರೆ ಸುಮ್ನೆ ಕೊಡುತ್ತೇನೆ. ಟಾರ್ಚ್ ಮಾತ್ರ ಕೊಡಲ್ಲ. ಅದರ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ, ಸೌದೆ ಕೊಟ್ಟಿಗೆಗೆ ಬೇಕು.